ಏಕಾಂತಪ್ಪನ ಬ್ರೇಕು

ಡ್ರೈವರ್ ಏಕಾಂತಪ್ಪ ಬಸ್ಸು ನಿಲ್ಲಿಸಿದ್ದು ಬಸ್ಸಿಗೇ ಗೊತ್ತಾಗುತ್ತಿರಲಿಲ್ಲ ಎಂದು ಹೊಸದುರ್ಗದಲ್ಲಿ ಒಂದು ಮಾತಿತ್ತು. ಚಿತ್ರದುರ್ಗದಿಂದ ಹೊಳಲ್ಕೆರೆ ಮೇಲೆ ಬರುವ ಖಾಸಗಿ ಬಸ್ಸಿನಲ್ಲಿ ಅವನು ಅರ್ಧ ಆಯುಸ್ಸು ಕಳೆದವನು. ಟಾಪಿನ ಮೇಲೆ ಮೊಸರಿನ ಗಡಿಗೆ ಇಟ್ಟವಳು ಇಳಿಯುವಾಗ ನೋಡಿದರೆ ಕೆನೆ ಕದಲಿರುತ್ತಿರಲಿಲ್ಲ. ಒಮ್ಮೆ ಹಿಂದಿನ ಸೀಟಿನ ಕೆಳಗೆ ಯಾರೋ ಬಿಟ್ಟುಹೋದ ಕೋಳಿ ಅಲ್ಲೇ ಕಾವು ಕೂತು, ಮರಿ ಮಾಡಿ, ಮರಿಗಳ ಸಮೇತ ಹೊಳಲ್ಕೆರೆಯಲ್ಲಿ ಇಳಿದು ಹೋಯಿತೆಂದು ಅವನ ಓಣಿಯಲ್ಲೇ ಇರುವ ನಾನೇ ಊರೆಲ್ಲ ಸಾರಿದ್ದೆ. ಮರಿಗಳ ಮಾತು ಸುಳ್ಳಿರಬಹುದು, ಬ್ರೇಕಿನದು ಸುಳ್ಳಲ್ಲ.

ಬಸ್ಸಿನ ಕೆಲಸ ಬಿಟ್ಟ ಮೇಲೆ ಒಂದು ಹಳೆಯ ಪುಟ್ಟ ಕಾರು ಕೊಂಡ. ಎಷ್ಟು ಪುಟ್ಟದೆಂದರೆ, ಅವನು ಅದರೊಳಗೆ ಕೂರುತ್ತಿರಲಿಲ್ಲ, ಅದನ್ನು ತೊಟ್ಟುಕೊಳ್ಳುತ್ತಿದ್ದ. ಹತ್ತಿರದ ಮತ್ತೋಡಿಗೆ ಹೋಗಿ ಬರುವುದು, ದಾರಿಯಲ್ಲಿ ಕೈ ಅಡ್ಡ ಹಾಕಿದವರನ್ನೆಲ್ಲ ಹತ್ತಿಸಿಕೊಳ್ಳುವುದು, ಅವರ ಬಾಯಲ್ಲಿ "ಡ್ರೈವರಣ್ಣ" ಅನ್ನಿಸಿಕೊಳ್ಳುವುದು, ಬಾಕಿ ಬದುಕೆಂದರೆ ಇಷ್ಟೇ. ಹೆಸರಿನ ಮುಂದಿನ ಡ್ರೈವರನ್ನು ಕಿತ್ತು ಹಾಕಿದರೆ ಉಳಿಯುವ ಏಕಾಂತಪ್ಪ ಯಾರೆಂದು ಅವನಿಗೂ ಗೊತ್ತಿರಲಿಲ್ಲ.

ಮಗ ಪರಮೇಶ್ವರಪ್ಪ ಕೊಬ್ಬರಿ ವ್ಯಾಪಾರಿ. ಅಪ್ಪನ ಕಣ್ಣು ಮಂದವಾಗಿದೆ, ಯಾರನ್ನಾದರೂ ಕೆಡವುವ ಮೊದಲು ಕಾರಿನ ಕೀ ಇಸಿದುಕೊಳ್ಳಬೇಕು ಎಂದು ಬಹಳ ದಿನದಿಂದ ಹೊಂಚುತ್ತಿದ್ದ. ಮುಂದಿನ ಚಕ್ರಗಳ ಬ್ರೇಕು ಕಿರ್ರೆನ್ನತೊಡಗಿದ್ದು ನೆಪವಾಯಿತು.

"ಅಪ್ಪಾ, ಬ್ರೇಕ್ ಪ್ಯಾಡು ಸವೆದು ಕಬ್ಬಿಣ ಉಜ್ತೈತೆ. ಇಡೀ ಓಣಿಗೆ ಕೇಳ್ತೈತೆ, ನಿನಗೆ ಕೇಳಲ್ವಾ? ಕಣ್ಣು ಹೋದ್ವು, ಈಗ ಕಿವೀನೂ ಹೋದ್ವಾ?"

"ಲೇ, ನಿಮ್ಮವ್ವ ಇರೋ ಮನೇಲಿ ಬ್ರೇಕಿನ ಸದ್ದು ಯಾವನಿಗೆ ಕೇಳ್ತೈತಲೇ?"

"ತಮಾಷೆ ಬ್ಯಾಡ. ಗ್ಯಾರೇಜಿಗೆ ಬಿಡಾಣ, ಕೀ ಕೊಡು. ಇನ್ನು ಮ್ಯಾಲೆ ನೀನು ಓಡ್ಸೋದು ಸಾಕು."

"ನನ್ನ ಬಸ್ಸಿನಾಗೆ ಉಚ್ಚೆ ಹೊಯ್ಕಂಡು ಬೆಳೆದೋನು ನನಗೆ ಹೇಳ್ತೀಯಾ? ಪ್ಯಾಡು ನಾನೇ ಹಾಕ್ತೀನಿ, ಇದೇ ಅಂಗಳದಾಗೆ. ಬಸ್ ಸ್ಟ್ಯಾಂಡಿಗೆ ಹೋಗಿ ಬರ್ತೀನಿ. ಒಂದು ಗೀರು ಬಿದ್ರೂ ಕೀ ನಿಂದು."

"ಓಣಿ ಮುಂದೆ ಹೇಳಿದೀಯ. ಆಮೇಲೆ ಮಾತು ತಿರುಗಿಸಬ್ಯಾಡ."

ಪ್ಯಾಡು ತಂದ ದಿನ ಅಮಾವಾಸ್ಯೆ. ಗಾಡಿಗೆ ಒಂದು ನಟ್ಟು ತಂದರೂ ದೇವರ ಜಗಲಿಯ ಮೇಲೆ ಒಂದು ರಾತ್ರಿ ಇಡದೆ ಹಾಕಿದವನಲ್ಲ ಏಕಾಂತಪ್ಪ. ಬಸ್ಸಿನ ಕಾಲದ ವಾಡಿಕೆ. ನಾಲ್ಕೂ ಪ್ಯಾಡುಗಳನ್ನು ಡಬ್ಬಿಯಿಂದ ತೆಗೆದು ದೇವರ ಮುಂದೆ ಸಾಲಾಗಿ ಇಟ್ಟ. ಬೆಳಿಗ್ಗೆ ನೋಡಿದರೆ ಒಂದೊಂದರ ಮೇಲೂ ವಿಭೂತಿಯ ಮೂರು ಗೆರೆ. ಹೆಂಡತಿ ಮರುಳಸಿದ್ದಮ್ಮನ ಕೈಕೆಲಸ. ಒಂದೊಂದನ್ನೂ ಕಣ್ಣಿಗೊತ್ತಿಕೊಂಡ, ಪಂಚೆಯ ಚುಂಗಿನಿಂದ ವಿಭೂತಿ ಒರೆಸಿದ, ಅಂಗಳಕ್ಕೆ ಬಂದ.

ಕೆಲಸ ನೋಡಲು ಓಣಿಯೇ ನೆರೆದಿತ್ತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಚಕ್ರದ ನಟ್ಟು ಸಡಿಲಿಸಿ, ಜಾಕಿ ಏರಿಸಿ, ಚಕ್ರ ಬಿಚ್ಚಿದ. ಪ್ಯಾಡುಗಳನ್ನು ಅವುಚಿಕೊಂಡಿರುವ ಕಬ್ಬಿಣದ ಹಿಡಿಯ ಬೋಲ್ಟು ತೆಗೆದು, ಅದು ಬ್ರೇಕಿನ ಪೈಪಿಗೆ ಜೋತುಬೀಳದಂತೆ ತಂತಿಯಿಂದ ಮೇಲೆ ಕಟ್ಟಿದ. ಹಳೆಯ ಪ್ಯಾಡು ಎಷ್ಟು ಸವೆದಿತ್ತೆಂದರೆ, ಎತ್ತಿ ಹಿಡಿದಾಗ ಅದರಾಚೆ ನಿಂತ ಜುಂಜಯ್ಯನ ಹಲ್ಲು ನನಗೆ ಕಾಣಿಸಿತು.

ಪಕ್ಕದ ಮನೆಯ ಆ ಜುಂಜಯ್ಯನಿಗೆ ಬಾಯಿ ಸುಮ್ಮನಿರದು. "ಡ್ರೈವರಣ್ಣ, ಬಿಚ್ಚಿದ್ದು ಒಂದು ಚಕ್ರ. ಕಟ್ಟುವಾಗ ಎರಡಾದಾವು, ನೋಡ್ಕಂಡು ಹಾಕ್ರಿ!"

"ಒಂದು ಉಳಿದ್ರೆ ನಿನ್ನ ಕೊರಳಿಗೆ ಹಾಕ್ತೀನಿ, ಸುಮ್ನೆ ನಿಂತ್ಕಳಲೇ."

ಪ್ಯಾಡು ತಳ್ಳುವ ಪಿಸ್ಟನ್ನನ್ನು ಒಳಕ್ಕೆ ಒತ್ತಿ ಹೊಸವನ್ನು ಕೂರಿಸಿದ. ಇನ್ನೊಂದು ಕಡೆಯದೂ ಹಾಗೆಯೇ. ಎಲ್ಲ ಬಿಗಿ ಮಾಡಿ, ಒಳಗೆ ಕೂತು, ಪೆಡಲ್ಲು ಗಟ್ಟಿಯಾಗುವ ತನಕ ತುಳಿದ. ತಪ್ಪು ಹುಡುಕಲೆಂದೇ ನಿಂತಿದ್ದ ಮಗನಿಗೂ ಒಂದು ತಪ್ಪು ಸಿಗಲಿಲ್ಲ.

ನಮ್ಮ ಓಣಿ ಇಳಿಜಾರು. ತಿರುವಿನಲ್ಲಿ ಬೀದಿ ನಲ್ಲಿ. ಕಾರು ಮದುವಣಗಿತ್ತಿಯಂತೆ ಮೆಲ್ಲಗೆ ಹೊರಟಿತು. ತಿರುವು ಬಂತು, ಏಕಾಂತಪ್ಪ ಬ್ರೇಕು ತುಳಿದ. ಪೆಡಲ್ಲು ದುರ್ಗದ ಬಂಡೆಯಷ್ಟು ಗಟ್ಟಿ. ಕಾರು ಮಾತ್ರ ನಿಲ್ಲಲಿಲ್ಲ. ನೀರು ಹಿಡಿಯುತ್ತಿದ್ದ ಕೊಟ್ರಮ್ಮ ಕೊಡ ಬಿಟ್ಟು ಹಾರಿದಳು. ಅವನ ಕೈ ಹ್ಯಾಂಡ್ ಬ್ರೇಕಿಗೆ ಹೋಗುವಷ್ಟರಲ್ಲಿ ಕೊಡ ಅಪ್ಪಚ್ಚಿ, ನಲ್ಲಿಯ ಪೈಪು ಎರಡು ತುಂಡು. ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದರೂ ಅಷ್ಟು ಜನ ಸೇರುತ್ತಿರಲಿಲ್ಲ.

"ಕಣ್ಣು ಕಾಣದಿದ್ರೆ ಮನ್ಯಾಗೆ ಕುಂತ್ಕಳ್ರಿ!" ಕೊಟ್ರಮ್ಮ ಅಳುತ್ತಲೇ ಬೈದಳು. "ಒಂದು ಹೆಜ್ಜೆ ಅತ್ಲಾಗಿದ್ರೆ ನನ್ನ ಹೆಣ ಎತ್ತಬೇಕಿತ್ತು!"

ಏಕಾಂತಪ್ಪ ಚಿಮ್ಮುವ ನೀರಿನಲ್ಲೇ ಜಾಕಿ ಏರಿಸಿ, ಚಕ್ರ ಬಿಚ್ಚಿ, ಪ್ಯಾಡು ಈಚೆ ತೆಗೆದು ಮೂಗಿಗೆ ಹಿಡಿದ. ಅಷ್ಟರಲ್ಲಿ ಮರುಳಸಿದ್ದಮ್ಮ ಎದೆ ಬಡಿದುಕೊಂಡು ಓಡಿ ಬಂದಳು. ಗಂಡ ನೆಟ್ಟಗಿರುವುದನ್ನು ಕಂಡು ಆಕಾಶಕ್ಕೆ ಕೈಮುಗಿದಳು.

"ಶಿವ ದೊಡ್ಡೋನು! ಒಣ ವಿಭೂತಿ ಉದುರಿ ಹೋಗ್ತೈತೆ ಅಂತ ಪ್ಯಾಡಿಗೆ ಮೊದಲು ದೀಪದೆಣ್ಣೆ ಚೆನ್ನಾಗಿ ತಿಕ್ಕಿದ್ದೆ ಕಣ್ರೀ. ಅದೇ ಕಾಯ್ತು. ಜೀವ ಉಳೀತು, ಬರೀ ನಲ್ಲಿ ಹೋತು!"

ನೆರೆದವರಲ್ಲಿ ಹೆಂಗಸರು ಕೆನ್ನೆ ಬಡಿದುಕೊಂಡರು. ಏಕಾಂತಪ್ಪ ಮಗನ ಕಡೆ ತಿರುಗಿದ. ಅಪ್ಪನ ಮುಖದಲ್ಲಿ ಕೇಸು ಗೆದ್ದ ಬೆಳಕಿತ್ತು.

"ಕೇಳಿದ್ಯೇನಲೇ? ಎಣ್ಣೆ! ರಾತ್ರಿಯೆಲ್ಲ ಪ್ಯಾಡು ಎಣ್ಣೆ ಕುಡಿದೈತೆ. ಎಣ್ಣೆ ಪ್ಯಾಡು ಯಾವ ಗಾಡೀನ ಹಿಡೀತೈತೆ? ನನ್ನ ಕಾಲೂ ತಪ್ಪಿಲ್ಲ, ಕಣ್ಣೂ ತಪ್ಪಿಲ್ಲ."

ಪರಮೇಶ್ವರಪ್ಪ ಪ್ಯಾಡನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದ. ನೀರು ಬಿದ್ದರೂ ಹೋಗದೆ ಅದರ ಮೇಲೆ ಎಣ್ಣೆ ಮಿಂಚುವುದು ನಮಗೆಲ್ಲ ಕಂಡಿತು. ಅವನು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

"ಎಣ್ಣೆ ನಿಜ ಕಣಪ್ಪಾ. ಅವ್ವ ತಿಕ್ಕಿದ್ದೂ ನಿಜ. ನಾಲ್ಕನ್ನೂ ಕಣ್ಣಿಗೆ ಒತ್ಕಂಡೆ ನೀನು. ಅಷ್ಟು ಹತ್ರ ಹಿಡ್ಕಂಡೂ ಕಾಣಲಿಲ್ವಲ್ಲ."

ಏಕಾಂತಪ್ಪ ಮಗನ ಕೈಯಲ್ಲಿದ್ದ ಪ್ಯಾಡನ್ನು ನೋಡಿದ, ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದ. ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿ ಕೀ ತೆಗೆದು ಕೊಟ್ಟ.

ಆ ಕಾರಿಗೆ ಅವನು ಮತ್ತೆ ಹತ್ತಲಿಲ್ಲ. ಮತ್ತೋಡಿಗೆ ಬಸ್ಸಿನಲ್ಲಿ ಹೋಗುತ್ತಿದ್ದ. ಸೀಟಿದ್ದರೂ ಡ್ರೈವರಿನ ಬೆನ್ನ ಹಿಂದೆ ನಿಂತೇ ಇರುತ್ತಿದ್ದ. "ಏನಜ್ಜ, ಒಳಗೆ ಹೋಗ್ರಿ" ಎಂದು ಕಂಡಕ್ಟರ್ ಗದರಿದರೆ ಒಳಗೆ ಹೋಗುತ್ತಿದ್ದ. ಮರುಳಸಿದ್ದಮ್ಮ ಎಣ್ಣೆಯ ಮಹಿಮೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದಳು. ಅವನು ತಿದ್ದಲಿಲ್ಲ, ಆ ಹೊತ್ತಿಗೆ ಎದ್ದು ಅಂಗಳಕ್ಕೆ ಹೋಗುತ್ತಿದ್ದ.

ಕೊನೆಗೆ ಎದೆನೋವು ಬಂದಾಗ ಅದೇ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಚಿತ್ರದುರ್ಗಕ್ಕೆ ಹೊರಟರು. ಬೇಡ ಎನ್ನುವ ಶಕ್ತಿ ಅವನಿಗಿರಲಿಲ್ಲ. ಹೊಳಲ್ಕೆರೆ ದಾಟುವಾಗ ಮುಗಿಯಿತು. ಅಪ್ಪ ಶಿವಾ ಎಂದು ಪ್ರಾಣ ಬಿಟ್ಟರು ಎಂದು ಪರಮೇಶ್ವರಪ್ಪ ಮಣ್ಣಿಗೆ ಬಂದವರಿಗೆಲ್ಲ ಹೇಳಿದ.

ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡಿದ್ದ ಮರುಳಸಿದ್ದಮ್ಮ ನನಗೆ ಹೇಳಿದ್ದು ಬೇರೆ. "ಇಳಿಜಾರು ಬಂತು, ಓಡಿಸ್ತಿದ್ದ ಮಗ ಜೋರಾಗಿ ಬ್ರೇಕ್ ಹಾಕ್ದ. ಅವ್ರು ಕಣ್ಣು ಬಿಟ್ಟು 'ಗೇರ್ ಇಳಿಸಲೇ, ದಡ್ಡ' ಅಂದ್ರು. ಅಷ್ಟೇ ಅಂದಿದ್ದು."

"ಮಗನಿಗೆ ಕೇಳಲಿಲ್ವೇನವ್ವ?"

"ಕೇಳ್ತು. ಇಳಿಸಲಿಲ್ಲ."