ಅರಿಸಿನ ಕೆಂಪಾದ ಬೆಳಗ್ಗೆ

ಮದುವೆಯಾಗಿ ಕೆಂಪಾಪುರಕ್ಕೆ ಬಂದ ವರ್ಷವೇ ನನ್ನ ಹಣೆ ಕೆಟ್ಟಿತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಕೆಲಸಕ್ಕಿದ್ದವರ ಮಗಳು. ಗಂಡನ ಮನೆಯವರು ಹೆಬ್ಬಾಳ ಕೆರೆಯ ಆಚೆ ರಾಗಿ, ತರಕಾರಿ ಬೆಳೆಯುತ್ತಿದ್ದವರು. ತವರಿನಿಂದ ತಂದ ಸಾಮಾನಿನಲ್ಲಿ ಅಂಗಡಿ ಕುಂಕುಮದ ಡಬ್ಬಿಯೊಂದಿತ್ತು. ಕೆಂಪೂ ಅಲ್ಲ, ಗುಲಾಬಿಯೂ ಅಲ್ಲ, ಕಣ್ಣಿಗೆ ಹೊಡೆಯುವ ಬಣ್ಣ. ಬೆವರಿದರೂ ಇಳಿಯುತ್ತಿರಲಿಲ್ಲ, ಸೀಗೆಪುಡಿ ಹಾಕಿ ಉಜ್ಜಿದರೂ ಕಲೆ ಉಳಿಯುತ್ತಿತ್ತು. ಅದೇ ಅದರ ಹೆಚ್ಚುಗಾರಿಕೆ ಎಂದುಕೊಂಡು ದಿನವೂ ದೊಡ್ಡದಾಗಿ ಇಟ್ಟುಕೊಳ್ಳುತ್ತಿದ್ದೆ.

ಮೊದಲು ನವೆ ಶುರುವಾಯಿತು. ಆಮೇಲೆ ಸಣ್ಣ ಗುಳ್ಳೆಗಳೆದ್ದು ನೀರು ಸೋರತೊಡಗಿತು. ಬೊಟ್ಟಿಡುವ ಜಾಗ ಬಿಟ್ಟು ಬೇರೆಲ್ಲೂ ಇರಲಿಲ್ಲ, ಆದರೂ ಕಾರಣ ನನಗೆ ಹೊಳೆಯಲಿಲ್ಲ. ಹುಣ್ಣಿನ ಮೇಲೆಯೇ ಇಡುತ್ತಾ ಹೋದೆ. ಹೊಸ ಸೊಸೆ ಬರಿಹಣೆಯಲ್ಲಿ ಹೇಗೆ ಓಡಾಡುವುದು? ಒಂದು ದಿನ ಹೊಪ್ಪಳೆ ಉದುರಿದಾಗ ಅಡಿಯ ಚರ್ಮ ಬೆಳ್ಳಗೆ ಕಂಡಿತು. ಇದು ತೊನ್ನೇ ಇರಬೇಕು ಅನ್ನಿಸಿತು. ಅಂದಿನಿಂದ ಸೆರಗನ್ನು ಹುಬ್ಬಿನವರೆಗೂ ಎಳೆದುಕೊಂಡೇ ಇರುತ್ತಿದ್ದೆ.

ಕಂಡುಹಿಡಿದವರು ಅತ್ತೆ. ಒಲೆ ಊದುತ್ತಿದ್ದಾಗ ಪಕ್ಕಕ್ಕೆ ಬಂದು ಕೂತು, ಸೆರಗು ಹಿಂದಕ್ಕೆ ಸರಿಸಿದರು.

"ಇಂಗಾಗಿ ಎಷ್ಟ್ ದಿನ ಆಯ್ತವ್ವ? ಒಂದ್ ಮಾತು ಯೋಳ್ಬಾರ್ದಾ?"

"ಹೆದರಿಕೆ ಆಯ್ತು ಅತ್ತೆ."

"ಯಾರ್ಗೆ? ನಂಗಾ?" ಎಂದರು. ನನಗೆ ಅಳು ಬಂದುಬಿಟ್ಟಿತು.

ಮಾರನೆಯ ದಿನ ನನ್ನ ಯಜಮಾನರು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅತ್ತೆ ಕುಂಕುಮದ ಡಬ್ಬಿಯನ್ನೂ ಜೊತೆಗೆ ಕೊಟ್ಟು ಕಳಿಸಿದ್ದರು. ಡಾಕ್ಟರಮ್ಮ ಅದನ್ನು ತೆಗೆದು ಮೂಸಿ, ಬೆರಳಲ್ಲಿ ತಿಕ್ಕಿ ನೋಡಿ, "ತೊನ್ನಲ್ಲಮ್ಮ, ಹೆದರ್ಕೋಬೇಡಿ. ಇದೇನೋ ಬಟ್ಟೆಗೆ ಹಾಕೋ ಬಣ್ಣದ ಥರ ಇದೆ. ಮೊದಲು ಇದನ್ನ ಬಿಟ್ಬಿಡಿ" ಎಂದು ಮುಲಾಮು ಕೊಟ್ಟರು. ಅತ್ತೆ ಅದನ್ನೇ ತಮ್ಮ ಮಾತಿನಲ್ಲಿ ಹೇಳಿದರು: "ನಂಜು. ಬಣ್ಣದ ನಂಜು." ಡಬ್ಬಿಯನ್ನು ತಿಪ್ಪೆಗೂ ಹಾಕಲಿಲ್ಲ, ಗೊಬ್ಬರ ಹೊಲಕ್ಕೆ ಹೋಗುತ್ತದಲ್ಲ ಎಂದು. ದೂರದ ಕಲ್ಲುಕೊರಕಲಿಗೆ ಎಸೆದು ಬಂದರು.

ಆಮೇಲೆ ಪಥ್ಯ. ಬದನೆಕಾಯಿ ಇಲ್ಲ, ಕರಿದದ್ದು ಇಲ್ಲ, ತವರಿನಲ್ಲಿ ನಾನು ತಿಂದು ಬೆಳೆದ ಮಿಲ್ಲಿನ ಬಿಳಿ ಅಕ್ಕಿಯೂ ಇಲ್ಲ. ಬೆಳಗ್ಗೆ ಅತ್ತೆ ಸೊಪ್ಪು ಕೀಳಲು ಸೆರಗಿನಲ್ಲಿ ಮಡಿಲು ಕಟ್ಟಿಸಿ ಹೊಲದ ಬದುವಿಗೆ ಕರೆದುಕೊಂಡು ಹೋಗುತ್ತಿದ್ದರು. ಅಷ್ಟು ದಿನ ಕಳೆಯೆಂದು ನಾನು ತುಳಿದುಕೊಂಡು ಓಡಾಡಿದ್ದ ಬದು ಅದು. ಅಲ್ಲಿ ಅತ್ತೆ ಬಗ್ಗಿ ಬಗ್ಗಿ "ಇದು ಅಣ್ಣೆ, ಇದು ಗಣಿಕೆ, ಅಗೋ ಹೊನಗೊನೆ, ಕುಡಿ ಮಾತ್ರ ಚಿವುಟು" ಎನ್ನುತ್ತಾ ಹೋದರೆ, ಹಸಿರಿನ ಒಂದೇ ಮುದ್ದೆಯಂತಿದ್ದದ್ದು ನನ್ನ ಕಣ್ಣೆದುರೇ ಬೇರೆ ಬೇರೆ ಎಲೆಯಾಗಿ, ಬೇರೆ ಬೇರೆ ವಾಸನೆಯಾಗಿ ಬಿಡಿಸಿಕೊಳ್ಳುತ್ತಿತ್ತು. ಯಾರೂ ಬಿತ್ತಿರಲಿಲ್ಲ, ಯಾರೂ ನೀರು ಹಾಯಿಸಿರಲಿಲ್ಲ. ಆದರೂ ಒಂದು ಸಂಸಾರಕ್ಕೆ ಸಾಲುವಷ್ಟು ಊಟ ಅಲ್ಲಿ ನಿಂತಿತ್ತು. ಬೀಸಿದ ರಾಗಿಯ ಮುದ್ದೆ, ಬೆರಕೆ ಸೊಪ್ಪಿನ ಬಸ್ಸಾರು. ಮೊದಮೊದಲು ಗಂಟಲಲ್ಲಿ ಇಳಿಯಲಿಲ್ಲ. ತಿಂಗಳಾಗುವಷ್ಟರಲ್ಲಿ ನಾನೇ ಎರಡನೆಯ ಮುದ್ದೆಗೆ ಕೈ ಚಾಚುತ್ತಿದ್ದೆ.

ಹಣೆ ಒಣಗಿತು. ಆದರೆ ಬರಿದಾಗಿಯೇ ಇತ್ತು. ಅಂಗಡಿಯದು ಬೇಡ, ಮನೆಯಲ್ಲೇ ಮಾಡೋಣ ಎಂದು ಅತ್ತೆ ಹೊರಟರು. ಚಿಕ್ಕಂದಿನಲ್ಲಿ ಅವರಮ್ಮ ಕುಂಕುಮ ಮಾಡುವುದನ್ನು ನೋಡಿದ್ದರಂತೆ, ಪೂರ್ತಿ ನೆನಪಿರಲಿಲ್ಲ. ಅರಿಸಿನದ ಕೊಂಬನ್ನು ಚೂರು ಮಾಡಿ ನಿಂಬೆರಸದಲ್ಲಿ ನೆನೆಸಿದರು. ಹಳದಿ ಹಳದಿಯಾಗಿಯೇ ಉಳಿಯಿತು. ಸುಣ್ಣ ಸೋಕಿಸಿದರು. ತಕ್ಷಣ ಕೆಂಪಾಯಿತು! ನಾನು ಕೂಗಿಕೊಂಡೆ. ಅತ್ತೆ ಮಾತ್ರ "ಸುಣ್ಣ ಸುಡ್ತದೆ, ಗಾಯದ ತೊಗಲು ನಿಂದು" ಎಂದು ಅಷ್ಟನ್ನೂ ಚೆಲ್ಲಿದರು. ಹುಣಸಮಾರನಹಳ್ಳಿಯಲ್ಲಿದ್ದ ತಮ್ಮ ಅಕ್ಕನನ್ನು ಕೇಳಿಕೊಂಡು ಬರಲು ಬಸ್ಸು ಹತ್ತಿದರು. ಬರುವಾಗ ಗ್ರಂಧಿಗೆ ಅಂಗಡಿಯಲ್ಲಿ ಬಿಳಿಗಾರ, ಪಟಿಕ ಎರಡನ್ನೂ ಪೊಟ್ಟಣ ಕಟ್ಟಿಸಿಕೊಂಡು ಬಂದರು.

ಎರಡನ್ನೂ ಪುಡಿ ಮಾಡಿ ನಿಂಬೆರಸಕ್ಕೆ ಬೆರೆಸಿ, ಅರಿಸಿನದ ಚೂರುಗಳನ್ನು ಅದರಲ್ಲಿ ಹೊರಳಾಡಿಸಿ, ನೆರಳಲ್ಲಿ ಮೊರದ ಮೇಲೆ ಹರಡಿದೆವು. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, "ಅಲ್ಲ ಕಣಕ್ಕ, ನೀನು ಮುಟ್ಬೋದಾ ಇದನ್ನ?" ಎಂದಳು. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅತ್ತೆ ಕುಂಕುಮದ ಬಟ್ಟಲ ಹತ್ತಿರವೂ ಸುಳಿಯುತ್ತಿರಲಿಲ್ಲ.

"ಅರಿಸಿನ ನಾನೇ ಬೆಳ್ದಿದ್ದಲ್ವಾ? ಅವಾಗ ಮುಟ್ಬೋದು, ಇವಾಗ ಮುಟ್ಬಾರ್ದಾ?" ಎಂದು ಅತ್ತೆ ತಲೆಯೆತ್ತದೆ ಚೂರುಗಳನ್ನು ಮಗುಚಿದರು.

ಕೆಲವು ದಿನ ಚೂರುಗಳು ಮಂಕಾಗಿಯೇ ಇದ್ದವು. ಒಂದು ಬೆಳಗ್ಗೆ ಕಸ ಗುಡಿಸಲು ಹೋದವಳು ಮೊರದ ಮುಂದೆ ನಿಂತುಬಿಟ್ಟೆ. ಎಲ್ಲವೂ ಕೆಂಪು. ದಾಸವಾಳದ ಹಾಗಲ್ಲ, ರಕ್ತದ ಹಾಗೂ ಅಲ್ಲ. ಸಂಜೆ ಕೆರೆಯ ಆಚೆ ಇಳಿಯುವ ಸೂರ್ಯನ ಆಳದ ಕೆಂಪು. ಮೇಲಷ್ಟೇ ಇರಬಹುದೆಂದು ಒಂದು ಚೂರನ್ನು ಕಲ್ಲಿನಿಂದ ಒಡೆದೆ. ಒಳಗೂ ಕೆಂಪು! ಮಣ್ಣಿನಡಿ ಹಳದಿಯಾಗಿ ಬೆಳೆದ ಗೆಡ್ಡೆಯಲ್ಲಿ ಈ ಬಣ್ಣ ಎಲ್ಲಿ ಅಡಗಿತ್ತು? ಕೂಗಿ ಕರೆದೆ. ಅತ್ತೆ ಬಂದು ನೋಡಿ, "ಅಮ್ಮನ ಕೈಯಾಗೆ ಇಂಗೇ ಆಗೋದು" ಎಂದರು. ಒಡೆದ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ಹೊರಳಿಸಿ ನೋಡಿದರು.

ಕುಟ್ಟಿ, ತೆಳುಬಟ್ಟೆಯಲ್ಲಿ ಸೋಸಿ, ತೊಟ್ಟು ಎಳ್ಳೆಣ್ಣೆ ಬೆರೆಸಿದೆವು. ಆದರೆ ಅತ್ತೆ ನನಗೆ ಇಡಲು ಕೊಡಲಿಲ್ಲ. "ತಡಿ ಒಸಿ ದಿನ" ಎನ್ನುತ್ತಿದ್ದರು. ಯಾಕೆಂದು ತಿಳಿದದ್ದು ಅವರು ಬಾವಿಕಟ್ಟೆಯ ಮೇಲೆ ರವಿಕೆ ತೋಳು ಸರಿಸಿ ಕೈ ತೊಳೆಯುವಾಗ. ಮೊಣಕೈ ಒಳಗಡೆ, ರವಿಕೆ ತೋಳು ಮುಚ್ಚುವ ಮೆತ್ತನೆಯ ಜಾಗದಲ್ಲಿ, ಕಾಸಿನಗಲ ಕುಂಕುಮ. ದಿನವೂ ತೊಳೆದು ದಿನವೂ ಹಚ್ಚುತ್ತಿದ್ದರು.

"ಅತ್ತೆ, ನೀವು..."

"ನವೆ ಇಲ್ಲ, ಉರಿ ಇಲ್ಲ. ನಿಂಗೂ ಏನೂ ಆಗಕಿಲ್ಲ" ಎಂದರು, ಉಪ್ಪು ಸರಿಯಾಗಿದೆ ಎನ್ನುವಷ್ಟು ಸಲೀಸಾಗಿ.

ಹಣೆಯ ಬಣ್ಣ ಮರಳಿದ್ದು ಮುಲಾಮಿನಿಂದಲೋ, ಸೊಪ್ಪಿನಿಂದಲೋ, ಆ ಡಬ್ಬಿ ಬಿಟ್ಟಿದ್ದರಿಂದಲೋ ಹೇಳಲಾರೆ. ಮರಳಿತು. ಹೊಸ ಕುಂಕುಮ ಇಟ್ಟುಕೊಂಡ ದಿನ ಕಾಲಿಗೆ ಬಿದ್ದೆ. ಎದ್ದಾಗ ಅತ್ತೆ ನನ್ನ ಮುಖವನ್ನೇ ನೋಡುತ್ತಾ, ಬೊಟ್ಟು ಸ್ವಲ್ಪ ಎಡಕ್ಕೆ ವಾಲಿದೆ ಎಂದು ಹೇಳಿ, ತಮ್ಮ ಬೆರಳಿನಿಂದಲೇ ಅದನ್ನು ಸರಿಮಾಡಿದರು.