ನಮ್ಮ ಕೋಳಿ ಶೆಡ್ಡಿನ ಘಾಟು

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ನಮ್ಮ ಯಜಮಾನರು ತಾಂಬಾದ ಹೊಲದಲ್ಲಿ ಕೋಳಿ ಶೆಡ್ಡು ಹಾಕಿದರು. ಮಕ್ಕಳಿಗೆ ಕಲಿಸಿ ಉಳಿದ ವಿಜ್ಞಾನವೆಲ್ಲ ಇನ್ನು ತಮ್ಮ ಪಾಲಿಗೆಂದು ಪಾಪ, ಕೋಳಿಗಳಿಗೆ ಗೊತ್ತಿರಲಿಲ್ಲ.

ಎಲ್ಲೋ ಕೋಳಿಜ್ವರ ಬಂದಿದೆಯೆಂದು ಮೊಬೈಲಿನಲ್ಲಿ ನೋಡಿದ್ದೇ ತಡ, ಪಂಪು ಬೆನ್ನಿಗೇರಿತು. ಕೋಳಿಗಳು ಒಳಗಿರುವಾಗಲೇ ದಿನಾ ಕ್ರಿಮಿನಾಶಕದ ಮಳೆ. ಡಬ್ಬಿಯ ಮೇಲೆ ಒಂದು ಮುಚ್ಚಳ ಎಂದಿದ್ದರೆ ಇವರದು ಒಂದು ಲೋಟ. ಬರೆದವನು ಅಂಜುಬುರುಕನಂತೆ!

ಕೋಳಿಗಳು ಕೆಮ್ಮತೊಡಗಿದವು, ಕಣ್ಣಲ್ಲಿ ನೀರು.

“ರೋಗ ಬಂತು ನೋಡು. ಇನ್ನ ಜೋರ್ ಹೊಡೀಬೇಕು.”

“ಅದು ರೋಗ ಅಲ್ರಿ, ನಿಮ್ಮ ಔಷಧದ ಘಾಟು,” ಅಂದೆ.

“ನೀ ಯಾವಾಗ ವಿಜ್ಞಾನ ಓದೀದಿ?”

ಓದಿರಲಿಲ್ಲ. ಮೂಗು ಮಾತ್ರ ಇತ್ತು.

ಒಂದು ಮುಂಜಾನೆ ಶೆಡ್ಡಿನ ಮೂಲೆಯಲ್ಲಿ ಕೆಲವು ಕೋಳಿಗಳು ಸತ್ತು ಬಿದ್ದಿದ್ದವು. ಇವರು ಚಹಾ ಮುಟ್ಟದೆ ಕಟ್ಟೆಯ ಮೇಲೆ ಕೂತರು. ನಾನೇ ಇಂಡಿ ಊರಿನ ಪಶುವೈದ್ಯೆಗೆ ಫೋನ್ ಮಾಡಿದೆ. ಆಕೆ ಬಂದು ಸತ್ತ ಕೋಳಿಯನ್ನು ಕೊಯ್ದು ನೋಡಿ, ರೋಗದ ಗುರುತಿಲ್ಲ ಅಂದಳು. ಆಮೇಲೆ, “ಸರ್, ಶೆಡ್ಡಿನ ಬದಿಯ ಪರದೆ ಇಳಿಸಿ ಒಳಗ ಸ್ವಲ್ಪ ನಿಂತು ಬರ್ರಿ,” ಅಂದಳು.

ಇವರು ವೀರರಂತೆ ಹೋದರು. ಕಣ್ಣು, ಮೂಗು ಒರೆಸಿಕೊಳ್ಳುತ್ತ ಓಡಿ ಬಂದರು.

“ನಿಮಗೂ ಕೋಳಿಜ್ವರ ಬಂತೇನ್ರಿ?” ಅಂದೆ. ಡಾಕ್ಟರು ನಗು ಅಡಗಿಸಲು ಮುಖ ಆಚೆ ತಿರುಗಿಸಿದಳು. ಆಮೇಲೆ ಇವರಿಗೆ ಹೇಳಿದಳು:

“ನೆಲಕ್ಕ ಹಾಸಿದ, ಹಿಕ್ಕಿ ಬಿದ್ದ ಹಸಿ ಹೊಟ್ಟಿನ ಮ್ಯಾಲ ಎಷ್ಟ ಸುರದ್ರೂ ಔಷಧ ಕೆಲಸ ಮಾಡೂದಿಲ್ರಿ. ಈಗ ಗಾಳಿ ಬಿಡ್ರಿ, ಒಣ ಹೊಟ್ಟು ಹಾಕ್ರಿ. ಕೋಳಿ ಮಾರಿದ ಮ್ಯಾಲ ಸಬಕಾರದ ನೀರಿಲೆ ತಿಕ್ಕಿ ತೊಳದು ಒಣಗಸ್ರಿ. ಆಮ್ಯಾಲ ಔಷಧ, ಖಾಲಿ ಶೆಡ್ಡಿಗಷ್ಟ, ಡಬ್ಬಿ ಮ್ಯಾಲ ಬರದಷ್ಟ. ಮಾಸ್ಕು, ಗ್ಲೌಸು ಮರೀಬ್ಯಾಡ್ರಿ.”

ಇವರು ತಲೆಯಾಡಿಸಿದರು. ಪರದೆ ಮೇಲೇರಿತು, ಹೊಟ್ಟು ಬದಲಾಯಿತು. ಕೆಲವೇ ದಿನಗಳಲ್ಲಿ ಉಳಿದ ಕೋಳಿಗಳ ಕೆಮ್ಮು ನಿಂತಿತು. ಅವು ಮಾರಾಟವಾದ ಮೇಲೆ, ಮನೆಯಲ್ಲಿ ಒಂದು ವಾಟಗಾ, ಒಂದು ಬಟ್ಟಲು ತೊಳೆಯದ ಮಹಾಶಯರು ಮೊಣಕಾಲೂರಿ ಶೆಡ್ಡಿನ ನೆಲ ತಿಕ್ಕಿದರು. ನಾನು ನೀರು ಹಾಕಿದೆ. ಆ ಮಧ್ಯಾಹ್ನ ಇಬ್ಬರೂ ಬಹಳ ದಿನದ ಮೇಲೆ ನಕ್ಕೆವು.

ಈಗ ದೇವರ ಹಿಪ್ಪರಗಿಯ ಸಂತೆಯಲ್ಲಿ ಕೋಳಿ ಸಾಕುವವರು ಸಿಕ್ಕರೆ ಸಾಕು, “ಔಷಧ ಕಮ್ಮಿ ಮಾಡ್ರಿ, ಮೊದಲ ಕಸಬರಿಗಿ ಹಿಡೀರಿ,” ಎಂದು ಇವರ ಪಾಠ ಶುರು. ಹುಟ್ಟಿದಾಗಲೇ ಗೊತ್ತಿತ್ತು ಎನ್ನುವ ಧಾಟಿ. ನಾನು ಪಕ್ಕದಲ್ಲಿ ಬದನೆಕಾಯಿ ಆರಿಸುತ್ತಿರುತ್ತೇನೆ.