ಹುಣಸೆಹಣ್ಣು ತಾಗಿದ ಬಂದೂಕು

ಮೊನ್ನೆ ಖಂಡೆಪೂಜೆಯ, ಎಂದರೆ ಆಯುಧಪೂಜೆಯ, ಮುನ್ನಾದಿನ ಹಿತ್ತಾಳೆಯ ದೀಪದ ಸಮೆಗಳನ್ನು ಸಿಂಕಿನಲ್ಲಿಟ್ಟುಕೊಂಡು ನೆನೆಸಿದ ಹುಣಸೆಹಣ್ಣಿನಿಂದ ಉಜ್ಜುತ್ತಿದ್ದೆ. ಹುಳಿಯೂ ಲೋಹವೂ ಬೆರೆತ ಆ ವಾಸನೆ ಮೂಗಿಗೆ ಬಡಿಯುತ್ತಲೇ ಕೈ ನಿಂತಿತು. ಅಷ್ಟರಲ್ಲಿ ಮಗಳು ಗೋಡೆಯ ಮೇಲಿನ ಹಳೆಯ ಬಂದೂಕಿನತ್ತ ಬೆರಳು ಮಾಡಿ, "ಡ್ಯಾಡ್, ಶುಡ್ ಐ ಕ್ಲೀನ್ ದಟ್ ಟೂ?" ಎಂದಳು. ಬೇಡವೇ ಬೇಡ ಎಂದೆ. ದನಿ ಸ್ವಲ್ಪ ಜೋರಾಯಿತೇನೋ, ಹುಬ್ಬೇರಿಸಿ ಒಳಗೆ ಹೋದಳು. ಅವಳಿಗೆ ಆ ಬಂದೂಕಿನ ಅಜ್ಜನ ಸಂಗತಿ ಗೊತ್ತಿಲ್ಲ...

ಡಾಟ್‌ಕಾಮ್ ಹುಚ್ಚು ನೆತ್ತಿಗೇರಿದ್ದ ವರ್ಷಗಳವು. ಅಮೆರಿಕದ ಬೆರ್ರಿಯೆಸಾದಲ್ಲಿ ಒಂದೇ ಗೋಡೆ ಹಂಚಿಕೊಂಡ ಜೋಡಿ ಮನೆಗಳಲ್ಲಿ ಒಂದು ನಮ್ಮದು, ಬಾಡಿಗೆಗೆ. ಇನ್ನೊಂದರಲ್ಲಿ ಆ ಅಮೆರಿಕನ್ ಅಜ್ಜ ಒಬ್ಬರೇ ಇದ್ದರು. ನಾನು ಮೆನ್ಲೋ ಪಾರ್ಕಿನ ಪುಟ್ಟ ಕಂಪನಿಯೊಂದರಲ್ಲಿ, ಇಂಟರ್ನೆಟ್ಟಿನಲ್ಲಿ ಹೂಕುಂಡ ಮಾರುವ ಪ್ರೋಗ್ರಾಮು ಬರೆಯುತ್ತಿದ್ದೆ. ಆರು ತಿಂಗಳಾದ ಕಂಪ್ಯೂಟರು ಕಸಕ್ಕೆ ಹೋಗುತ್ತಿದ್ದ ಆ ಊರಿನಲ್ಲಿ ಅಜ್ಜ ತಮ್ಮ ಗರಾಜಿನ ತುಂಬ ನೂರು ವರ್ಷ ಹಳೆಯ ಬಂದೂಕುಗಳನ್ನು ಕೂಡಿಹಾಕಿದ್ದರು. ಎಲ್ಲವೂ ಒಂದೇ ಗುಂಡಿನವು. ಒಮ್ಮೆ ಹಾರಿಸಿದರೆ ಮತ್ತೆ ಬಾಯಿ ತೆರೆದು ಇನ್ನೊಂದು ಕಾಡತೂಸು ಇಡಬೇಕು. ಆ ಕಾಡತೂಸುಗಳನ್ನು ತಯಾರಿಸುವುದನ್ನೇ ಲೋಕ ಬಿಟ್ಟು ಎಷ್ಟೋ ಕಾಲವಾಗಿತ್ತು.

ಧಾರವಾಡದಿಂದ ಅವ್ವ ಬಂದದ್ದು ಆಗಲೇ. ಬಂದ ವಾರದಲ್ಲೇ ಪಕ್ಕದ ಗರಾಜಿನಲ್ಲಿ ಇಣುಕಿ, ಮುಖ ಸಣ್ಣದು ಮಾಡಿಕೊಂಡು ಓಡಿಬಂದಳು.

"ಬಾಜೂ ಮನ್ಯಾಗ ಬಂದೂಕ ಅದಾವಲ್ಲೋ ತಮ್ಮಾ! ಎಂಥಾ ಕಡೆ ಮನಿ ಹಿಡದೀಯೋ?"

ಸಮಾಧಾನವಾಗಲಿ ಎಂದು ಅಜ್ಜನ ಬಳಿ ಕರೆದೊಯ್ದೆ. ಅವರ ಇಂಗ್ಲಿಷು, ಇವಳ ಕನ್ನಡ, ನಡುವೆ ನಾನು. ಇವಕ್ಕೆ ಅಂಗಡಿಯಲ್ಲೆಲ್ಲೂ ಗುಂಡು ಸಿಗುವುದಿಲ್ಲ ಎಂದರು ಅಜ್ಜ. "ಗುಂಡಿಲ್ಲಂದ್ರ ಅದು ಬಂದೂಕ ಹೆಂಗಾತು?" ಎಂದಳು ಅವ್ವ. ಅಜ್ಜ ಹೊಟ್ಟೆ ಹಿಡಿದು ನಕ್ಕು, ಕಾನೂನೂ ಹೆಚ್ಚುಕಡಿಮೆ ಹಾಗೇ ಹೇಳುತ್ತದೆ ಎಂದರು.

ಅಂದಿನಿಂದ ಅವಳ ಬಾಯಲ್ಲಿ ಅವರು ಬಂದೂಕಜ್ಜಾರು. ನಾನು ಅವ್ವಾ ಅವ್ವಾ ಎಂದು ಕೂಗುವುದನ್ನು ಕೇಳಿ ಅದೇ ಅವಳ ಹೆಸರೆಂದು ತಿಳಿದ ಅಜ್ಜ, ಬೇಲಿಯಾಚೆಯಿಂದ "ಗುಡ್ ಮಾರ್ನಿಂಗ್, ಆವ್ವಾ!" ಎನ್ನುವರು. ನಾನು ತಿದ್ದಲು ಹೋದರೆ ಅವಳೇ ತಡೆದಳು. "ಅನ್ಲಿ ಬಿಡೋ. ನೀ ಒಬ್ಬಾವ ಮಗಾ, ನೀ ಬಿಟ್ರ ನನ್ನ ಹಂಗ ಕರಿಯಾವ್ರರ ಯಾರದಾರ?"

ಅಜ್ಜನಿಗೆ ಎಲ್ಲಕ್ಕಿಂತ ಮಿಗಿಲಾದದ್ದು ತಂದೆಯಿಂದ ಬಂದ ಬಂದೂಕು. ಅದರ ಮರದ ತುದಿಗೆ, ಭುಜಕ್ಕೆ ಆನಿಸುವ ಕಡೆ, ಹಿತ್ತಾಳೆಯ ತಗಡಿತ್ತು. ಹಿತ್ತಾಳೆ ಎಂದು ಹೇಳಿದರಷ್ಟೇ ತಿಳಿಯುವಷ್ಟು ಕಪ್ಪಗಾಗಿತ್ತು. ಪಾಲಿಶ್ ಮಾಡಬಾರದೇ ಎಂದು ಕೇಳಿ ನಾನೊಮ್ಮೆ ಬೈಸಿಕೊಂಡಿದ್ದೆ. "ಅದು ಕೊಳೆಯಲ್ಲ, ನಮ್ಮಪ್ಪನ ಕೈ. ಒಮ್ಮೆ ಉಜ್ಜಿದರೆ ಹೋಯಿತು, ತಿರುಗಿ ಬರುವುದಿಲ್ಲ." ಬೇರೆ ಬಂದೂಕುಗಳಿಗೆ ತಾವೇ ಲೇತ್ ಯಂತ್ರದ ಮುಂದೆ ಕೂತು ಕಾಡತೂಸು ಮಾಡಿಕೊಂಡು, ಗುಡ್ಡದಾಚೆಯ ಶೂಟಿಂಗ್ ಮೈದಾನದಲ್ಲಿ ಹಾರಿಸಿ ಬರುತ್ತಿದ್ದರು. ಇದಕ್ಕೆ ಮಾತ್ರ ಮಾಡಲಿಲ್ಲ. ಕೊನೆಯದನ್ನು ಅಪ್ಪ ಹಾರಿಸಿದ್ದು, ಅದು ಹಾಗೇ ಇರಲಿ ಎನ್ನುತ್ತಿದ್ದರು.

ಖಂಡೆಪೂಜೆ ಹತ್ತಿರ ಬಂತು. "ಬಾಜೂಕ ಖರೇ ಖರೇ ಆಯುಧ ಇಟಗೊಂಡು, ಬರೇ ಈಳಿಗಿಗೆ, ಕಾರಿಗೆ ಪೂಜಾ ಮಾಡಿದ್ರ ದೇವಿ ಏನಂದಾಳು?" ಎಂದು ಅವ್ವ ಹಟ ಹಿಡಿದಳು. ನಾನು ಮುಜುಗರಪಡುತ್ತಲೇ ಕೇಳಿದೆ. ಪೂಜೆಯ ದಿನ ಬೆಳಿಗ್ಗೆ ಅಜ್ಜ ತಂದದ್ದು ತಂದೆಯ ಬಂದೂಕನ್ನೇ. ನಮ್ಮ ಗರಾಜಿನ ಮೇಜಿನ ಮೇಲೆ, ಈಳಿಗೆ ಮತ್ತು ನನ್ನ ಆಫೀಸಿನ ಲ್ಯಾಪ್‌ಟಾಪಿನ ಪಕ್ಕ ಮಲಗಿಸಿ, ಹಬ್ಬವೆಂದ ಮೇಲೆ ಕೋಟು ಹಾಕಬೇಕು ಎಂದು ಮನೆಗೆ ಹೋದರು. ನಾನು ಹೂ ತರಲು ಗ್ರೋಸರಿಗೆ ಹೋದೆ.

ಮರಳಿ ಬಂದರೆ ಗರಾಜಿನ ತುಂಬ ಹುಣಸೆಹಣ್ಣಿನ ವಾಸನೆ. ಅವ್ವ ಸೆರಗಿನಿಂದ ಬಂದೂಕನ್ನು ಒರೆಸುತ್ತಿದ್ದಳು. ತಗಡು ಫಳಫಳ ಹೊಳೆಯುತ್ತಿತ್ತು.

"ಎಷ್ಟ್ ಕಿಲುಬು ಹಿಡದಿತ್ತೋ ತಮ್ಮಾ! ಪಾಪ, ಮನ್ಯಾಗ ಹೆಣ್ಮಕ್ಕಳಿಲ್ಲ, ಯಾರ್ ತಿಕ್ಕಬೇಕು..."

ನನ್ನ ಹಿಂದೆಯೇ ಅಜ್ಜ ಕೋಟು, ಟೈ ಹಾಕಿಕೊಂಡು ನಿಂತಿದ್ದರು. ಹತ್ತಿರ ಬಂದು ಹೆಬ್ಬೆರಳಿನಿಂದ ತಗಡನ್ನು ಸವರಿದರು. ಅವರ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ನಾನು ತಂದ ಹೂವನ್ನು ಮೇಜಿನ ಮೇಲಿಟ್ಟೆ. ಅವ್ವ ಏನೂ ಅರಿಯದೆ ಕುಂಕುಮ ಹಚ್ಚಿದಳು, ಹೂ ಏರಿಸಿದಳು, ಆರತಿ ಬೆಳಗಿದಳು. ಆಮೇಲೆ ಆ ತಣ್ಣನೆಯ ಸಿಮೆಂಟು ನೆಲದ ಮೇಲೆ ಮೊಣಕಾಲೂರಿ, ಹಣೆ ನೆಲಕ್ಕೆ ಹಚ್ಚಿ ಬಂದೂಕಿಗೆ ನಮಸ್ಕರಿಸಿದಳು. ಅಜ್ಜ ಕೊನೆಯವರೆಗೂ ನಿಂತಿದ್ದು, ಹೋಳಿಗೆ ಮುಟ್ಟದೆ, ಬಂದೂಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದರು.

ಆಮೇಲೆ ಅವ್ವನಿಗೆ ಹೇಳಲೇಬೇಕಾಯಿತು. "ಅವರಪ್ಪನ ಕೈ ಅಳಿಸಿಬಿಟ್ನೇನೋ ನಾ?" ಎಂದು ಅತ್ತಳು. ಆ ದಿನ ಅವಳೂ ಊಟ ಮಾಡಲಿಲ್ಲ.

ಮರುದಿನ ವಿಜಯದಶಮಿ. ನಮ್ಮ ಕಡೆ ಆ ದಿನ ಬನ್ನಿ ಎಲೆಯನ್ನು ಬಂಗಾರವೆಂದು ಕೈಗಿಟ್ಟರೆ ಹಳೆಯ ಮುನಿಸೆಲ್ಲ ಮುಗಿದಂತೆ. ಬೆರ್ರಿಯೆಸಾದಲ್ಲಿ ಬನ್ನಿ ಎಲ್ಲಿಂದ ಬರಬೇಕು? ಅವ್ವ ಪಾರ್ಕಿನ ಯಾವುದೋ ಗಿಡದ ಸಣ್ಣೆಲೆಗಳನ್ನು ಕಿತ್ತು ತಂದು, "ಇದನ್ನ ಬನ್ನಿ ಅಂತ ತಿಳ್ಕೊ" ಎಂದಳು. ಅಜ್ಜನ ಬಾಗಿಲು ತಟ್ಟಿ, ಎಲೆಗಳನ್ನು ಅವರ ಅಂಗೈಯಲ್ಲಿಟ್ಟು, "ಬಂಗಾರ ತಗೊಂಡು ಬಂಗಾರಧಂಗ ಇರೂಣ್ರಿ" ಎಂದು ಅವರ ಕಾಲು ಮುಟ್ಟಿದಳು. ನಾನು ಇಂಗ್ಲಿಷಿಗೆ ತಿರುಗಿಸಿದೆ.

"ಬಂಗಾರ ನಿನ್ನೆಯೇ ಕೊಟ್ಟಿರಲ್ಲ, ಆವ್ವಾ," ಎಂದರು ಅಜ್ಜ. ಆಮೇಲೆ ನನ್ನತ್ತ ತಿರುಗಿದರು. "ನಮ್ಮಪ್ಪ ಕಂಡವರ ಹೊಲದಲ್ಲಿ ದುಡಿದು ಸತ್ತ. ಅವನಿಗೆ ಯಾರೂ ಯಾವತ್ತೂ ತಲೆಬಾಗಿದ್ದಿಲ್ಲ. ಅವನ ಬಂದೂಕಿಗೆ ನಿನ್ನ ತಾಯಿ ತಲೆಬಾಗಿದಳು. ಅವಳಿಗೆ ಇದನ್ನು ಹೇಳು." ಹೇಳಿದೆ. ಇಬ್ಬರೂ ಕಣ್ಣೊರೆಸಿಕೊಂಡರು. ನಾನೂ.

ಅವ್ವ ಊರಿಗೆ ಮರಳಿದಳು. ಕಂಪನಿ ಮುಚ್ಚಿತು, ಬೇರೆ ಕೆಲಸ ಹಿಡಿದು ನಾವು ಸ್ಯಾನ್ ರಮೋನಿಗೆ ಬಂದೆವು. ಅಜ್ಜನಿಗೆ ಆಗೀಗ ಫೋನು ಮಾಡುತ್ತಿದ್ದೆ, ಬರಬರುತ್ತ ಅದೂ ನಿಂತಿತು... ಅವ್ವ ತೀರಿಕೊಂಡ ಮರುವರ್ಷ ಒಂದು ಕರೆ ಬಂತು. ಅಜ್ಜನ ತಂಗಿಯ ಮಗಳು. ಅಜ್ಜ ಹೋಗಿಬಿಟ್ಟಿದ್ದರು. ಬಂದೂಕುಗಳೆಲ್ಲ ಮಾರಾಟವಾಗಿದ್ದವು, ಒಂದನ್ನುಳಿದು.

"ಇದು ಆವ್ವಾ ಅವರಿಗೆ ಸೇರಬೇಕು ಅಂತ ಹೇಳಿದ್ದರು. ನಿಮಗೆ ಆವ್ವಾ ಅನ್ನುವವರು ಗೊತ್ತೇ?"

ಫೋನು ಹಿಡಿದುಕೊಂಡೇ ಅತ್ತೆ. ಅದು ಹೆಸರಲ್ಲ ಎಂದು ಆಗಲೂ ತಿದ್ದಲಿಲ್ಲ. ಗೊತ್ತು ಎಂದಷ್ಟೇ ಹೇಳಿದೆ.

ಮನೆಗೆ ತಂದು ಗುಂಡು ತುಂಬುವ ಬಾಯಿ ತೆರೆದು ನೋಡಿದರೆ, ಕಾಡತೂಸು ಕೂರಬೇಕಾದ ಜಾಗದಲ್ಲಿ ಅವ್ವ ಬನ್ನಿಯೆಂದು ಕೊಟ್ಟ ಆ ಎಲೆಗಳು ಒಣಗಿ ಸುರುಳಿಯಾಗಿದ್ದವು. ನಾನು ತೆಗೆಯಲಿಲ್ಲ.

ಈ ಸಲವೂ ಬಂದೂಕಿಗೆ ಕುಂಕುಮ ಹಚ್ಚಿದೆ. ಹುಣಸೆಹಣ್ಣು ಮುಟ್ಟಿಸಲಿಲ್ಲ. ತಿರುಗಿ ಬರುವುದಿಲ್ಲ ಎಂದಿದ್ದರು ಅಜ್ಜ. ಆದರೂ ತಗಡು ಅಂಚಿನಿಂದ ನಿಧಾನವಾಗಿ ಮತ್ತೆ ಕಪ್ಪಾಗುತ್ತಿದೆ. ಅವರಪ್ಪನ ಕೈಯಂತೂ ಅಲ್ಲ, ಅಜ್ಜನದಿರಬೇಕು, ಈಗೀಗ ನನ್ನದೂ ಸ್ವಲ್ಪ... ನನ್ನ ಅವ್ವನನ್ನು ಅವ್ವಾ ಎಂದು ಕರೆಯುವವರು ಈ ಲೋಕದಲ್ಲಿ ಇಬ್ಬರೇ ಇದ್ದೆವು. ಈಗ ನಾನೊಬ್ಬನೇ, ಓ ಎನ್ನಲು ಅವಳೂ ಇಲ್ಲ.